ಲೋಲಕದ ಓಲಾಟವನ್ನು ಯಂತ್ರಕ್ಕೆ ಕಲಿಸುವುದು ಹೇಗೆ?

ಚಲಿಸುವ ವಸ್ತುವಿನ ನಡೆಯನ್ನು ಯಂತ್ರಕಲಿಕೆಯಿಂದ ಊಹಿಸಲು ಹೊರಟವರು ಕೆಲವೇ ದಿನಗಳಲ್ಲಿ ಒಂದು ಅಂಕಿಯನ್ನು ಹೆಮ್ಮೆಯಿಂದ ತೋರಿಸುತ್ತಾರೆ: ನಿಖರತೆ ಶೇ 99.9. ಅದೇ ಮಾದರಿಯನ್ನು (ದತ್ತಾಂಶದಿಂದ ಯಂತ್ರ ಕಲಿತ ಲೆಕ್ಕಾಚಾರವನ್ನು) ಹತ್ತು ಸೆಕೆಂಡು ತನ್ನ ಪಾಡಿಗೆ ಓಡಲು ಬಿಡಿ, ಲೋಲಕ ಸೂರಿಗೆ ಏರಿ ಕುಳಿತಿರುತ್ತದೆ. ಈ ಪ್ರಸಂಗವನ್ನು ಸಾಕಷ್ಟು ಸಲ ನೋಡಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

1 ಮೀಟರ್ ಉದ್ದದ ಲೋಲಕವನ್ನೇ ತೆಗೆದುಕೊಳ್ಳೋಣ. ಸಣ್ಣ ಓಲಾಟವಾದರೆ ಅದು ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಸೆಕೆಂಡಿಗೆ 100 ಸಲ ಅದರ ಕೋನವನ್ನು ಅಳೆಯುತ್ತೀರಿ ಎಂದುಕೊಳ್ಳಿ. ಈಗಿನ ಅಳತೆ ಕೊಟ್ಟರೆ ಮುಂದಿನದನ್ನು ಊಹಿಸುವುದು ಮಾದರಿಯ ಕೆಲಸ.

ಮೊದಲ ಹೆಜ್ಜೆ: ಕೋನವೊಂದೇ ಸಾಲದು. ಲೋಲಕ ನಟ್ಟನಡುವೆ ಇರುವಾಗ ತೆಗೆದ ಚಿತ್ರವನ್ನು ನೋಡಿ, ಅದು ಎಡಕ್ಕೆ ಹೊರಟಿದೆಯೋ ಬಲಕ್ಕೋ ನೀವೇ ಹೇಳಲಾರಿರಿ. ಯಂತ್ರ ಹೇಗೆ ಹೇಳೀತು? ಕೋನದ ಜತೆಗೆ ಕೋನೀಯ ವೇಗವನ್ನೂ (ಕೋನ ಬದಲಾಗುವ ವೇಗ) ಕೊಡಬೇಕು. ಇವೆರಡೂ ಸೇರಿದ್ದೇ ಲೋಲಕದ ಸ್ಥಿತಿ. ಅಕ್ಕಪಕ್ಕದ ಎರಡು ಅಳತೆಗಳನ್ನು ಕಳೆದು, ಕಾಲದಿಂದ ಭಾಗಿಸಿ ವೇಗ ಪಡೆಯುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಅಳತೆಯಲ್ಲಿ 0.1 ಡಿಗ್ರಿಯಷ್ಟು ತಪ್ಪಿದ್ದರೂ ಹೀಗೆ ಪಡೆದ ವೇಗದಲ್ಲಿ ಸೆಕೆಂಡಿಗೆ 20 ಡಿಗ್ರಿಯವರೆಗೆ ತಪ್ಪು ನುಸುಳಬಹುದು. 10 ಡಿಗ್ರಿಯಿಂದ ಬಿಟ್ಟ ಲೋಲಕದ ಗರಿಷ್ಠ ವೇಗವೇ ಸೆಕೆಂಡಿಗೆ ಸುಮಾರು 31 ಡಿಗ್ರಿ! ಹಾಗಾಗಿ ಮೊದಲು ಅಳತೆಗಳನ್ನು ನಯಗೊಳಿಸಿ, ಆಮೇಲೆ ವೇಗ ಕಂಡುಹಿಡಿಯಿರಿ. ಅದೂ ಬೇಡವೆಂದರೆ ಹಿಂದಿನ ನಾಲ್ಕಾರು ಕೋನಗಳನ್ನು ಒಟ್ಟಿಗೆ ಕೊಡಿ, ವೇಗವನ್ನು ಮಾದರಿಯೇ ಗ್ರಹಿಸಿಕೊಳ್ಳುತ್ತದೆ.

ಎರಡನೆಯದು: ಬೇರೆ ಬೇರೆ ಕೋನಗಳಿಂದ ಬಿಟ್ಟು ಅಳೆಯಿರಿ. ಸಣ್ಣ ಓಲಾಟಗಳನ್ನಷ್ಟೇ ಕಂಡ ಮಾದರಿಗೆ 60 ಡಿಗ್ರಿಯ ಲೋಲಕ ಅಪರಿಚಿತ.

ಮೂರನೆಯದು, ಮಾದರಿಯ ಆಯ್ಕೆ. ಎರಡು ಪದರಗಳ ಪುಟ್ಟ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಲೆಕ್ಕದ ಜಾಲ) ಸಾಕು. ದೊಡ್ಡದು ಬೇಡ.

ಎಡವುವುದು ಇನ್ನು ಮುಂದೆ. ದತ್ತಾಂಶವನ್ನು ಇಸ್ಪೀಟ್ ಎಲೆಗಳಂತೆ ಕಲಸಿ ಒಂದು ಪಾಲನ್ನು ಪರೀಕ್ಷೆಗೆ ಎತ್ತಿಡುವ ತಪ್ಪು ಮಾಡಬೇಡಿ. ಪರೀಕ್ಷೆಯ ಪ್ರತಿ ಬಿಂದುವಿನ ಹಿಂದಿನ, ಮುಂದಿನ ಬಿಂದುಗಳು ತರಬೇತಿಯಲ್ಲಿದ್ದರೆ ಅದು ಪ್ರಶ್ನೆಪತ್ರಿಕೆ ಬಯಲಾದಂತೆಯೇ. ಒಂದು ಸಲ ಬಿಟ್ಟ ಲೋಲಕದ ಇಡೀ ಓಟ ಒಂದೋ ತರಬೇತಿಗೆ, ಇಲ್ಲವೇ ಪರೀಕ್ಷೆಗೆ ಹೋಗಲಿ. ಒಂದೇ ಗುಂಡಿ ಒತ್ತಿದರೆ ಮುನ್ಸೂಚನೆ ಕೊಡುತ್ತೇವೆನ್ನುವ ತಂತ್ರಾಂಶಗಳಲ್ಲಿ ಕೆಲವು ಕೇಳದೆಯೇ ಕಲಸಿಬಿಡುತ್ತವೆ. ಅಂಥವನ್ನು ನಾನು ಮುಟ್ಟುವುದಿಲ್ಲ.

ಈಗ ಆ 99.9ಕ್ಕೆ ಬರೋಣ. ಒಂದು ಅಳತೆಯಿಂದ ಮುಂದಿನ ಅಳತೆಗೆ 0.01 ಸೆಕೆಂಡು. ಅಷ್ಟರಲ್ಲಿ ಲೋಲಕ ತನ್ನ ಗರಿಷ್ಠ ಕೋನದ ಶೇ 3ಕ್ಕಿಂತ ಸ್ವಲ್ಪವೇ ಹೆಚ್ಚು ಸರಿಯಬಲ್ಲದು. 'ಮುಂದೆಯೂ ಈಗಿದ್ದಷ್ಟೇ ಕೋನ' ಎಂದು ಏನೂ ಕಲಿಯದ ಸೋಮಾರಿ ಊಹೆ ಮಾಡಿದರೂ ಆರ್-ಸ್ಕ್ವೇರ್ ಅಂಕ (ಊಹೆ ನಿಜಕ್ಕೆ ಎಷ್ಟು ಹೊಂದುತ್ತದೆಂಬ ಅಳತೆ, 1 ಎಂದರೆ ಪೂರ್ತಿ ಸರಿ) 0.999 ಬರುತ್ತದೆ. ನಿಮ್ಮ ಮಾದರಿ ಗೆದ್ದಿರುವುದು ಈ ಸೋಮಾರಿಯನ್ನೋ ಅಲ್ಲವೋ, ಮೊದಲು ಅದನ್ನು ನೋಡಿ. ಮುಂದಿನ ಸ್ಥಿತಿಯನ್ನಲ್ಲ, ಈಗಿನ ಸ್ಥಿತಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಕಲಿಸಿದರೆ ಈ ಭ್ರಮೆಯೇ ಹುಟ್ಟುವುದಿಲ್ಲ.

ಆಮೇಲೆ ಮಾದರಿಗೆ ಆರಂಭದ ಸ್ಥಿತಿಯನ್ನಷ್ಟೇ ಕೊಟ್ಟು, ಅದು ಹೇಳಿದ ಉತ್ತರವನ್ನೇ ಮತ್ತೆ ಅದಕ್ಕೆ ಉಣಿಸುತ್ತ ಸಾವಿರ ಹೆಜ್ಜೆ ಓಡಿಸಿ. ಪ್ರತಿ ಹೆಜ್ಜೆಯಲ್ಲಿ ಓಲಾಟವನ್ನು ಸಾವಿರಕ್ಕೆ ಒಂದು ಪಾಲು ಹಿಗ್ಗಿಸಿದರೂ ಹತ್ತು ಸೆಕೆಂಡಿನಲ್ಲಿ ಅದು 2.7 ಪಟ್ಟಾಗುತ್ತದೆ. ಮದ್ದು ಎರಡು: ತರಬೇತಿಯಲ್ಲೇ ಹತ್ತಿಪ್ಪತ್ತು ಹೆಜ್ಜೆ ಓಡಿಸಿ ಒಟ್ಟು ತಪ್ಪಿಗೆ ದಂಡ ಹಾಕುವುದು, ಇಲ್ಲವೇ ಕೊಡುವ ಸ್ಥಿತಿಗಳನ್ನು ಬೇಕೆಂದೇ ತುಸು ಕದಡಿ, ತಪ್ಪಿನಿಂದ ಚೇತರಿಸಿಕೊಳ್ಳಲು ಕಲಿಸುವುದು. ನಾನು ಮೊದಲನೆಯದನ್ನೇ ಹಿಡಿಯುತ್ತೇನೆ, ತಡವಾದರೂ ಸರಿ.

ಅಳೆಯುವ ಗೋಜು ಬೇಡವೆಂದು ದತ್ತಾಂಶವನ್ನು ಗಣಕದಲ್ಲೇ ಹುಟ್ಟಿಸುವವರು ಆಯ್ಲರ್ ವಿಧಾನದಿಂದ (ಹೆಜ್ಜೆಯ ಆರಂಭದ ವೇಗವೇ ಇಡೀ ಹೆಜ್ಜೆಗೂ ಇದೆಯೆಂದುಕೊಂಡು ಲೆಕ್ಕ ಹಾಕುವ ವಿಧಾನ) ದೂರವಿರಿ. ಇದೇ 0.01 ಸೆಕೆಂಡಿನ ಹೆಜ್ಜೆಯಲ್ಲಿ ಅದು ಹತ್ತು ಸೆಕೆಂಡಿಗೆ ಲೋಲಕದ ಶಕ್ತಿಯನ್ನು ಎರಡೂವರೆ ಪಟ್ಟಿಗಿಂತ ಹೆಚ್ಚಿಸುತ್ತದೆ. ಆ ಸುಳ್ಳನ್ನು ನಿಮ್ಮ ಮಾದರಿ ಶ್ರದ್ಧೆಯಿಂದ ಕಲಿಯುತ್ತದೆ.

ಶಕ್ತಿ ಉಳಿಯಬೇಕೆಂಬ ನಿಯಮವನ್ನು ಜಾಲದ ರಚನೆಯಲ್ಲೇ ಕಟ್ಟುವ ದಾರಿಯೂ ಇದೆ. 2019ರಲ್ಲಿ ಬಂದ ಹ್ಯಾಮಿಲ್ಟೋನಿಯನ್ ನ್ಯೂರಲ್ ನೆಟ್‌ವರ್ಕ್ ಅಂಥದ್ದು. ಆದರೆ ನಿಜವಾದ ಲೋಲಕ ಗಾಳಿಯ ತಡೆಗೆ, ಕೀಲಿನ ಘರ್ಷಣೆಗೆ ಸಿಕ್ಕಿ ನಿಧಾನವಾಗಿ ನಿಲ್ಲುತ್ತದೆ. ಅದಕ್ಕೆ ಈ ಜಾಲವನ್ನು ಹಾಗೆಯೇ ಹಾಕಿದರೆ ಎಂದೂ ನಿಲ್ಲದ ಲೋಲಕ ಸಿಗುತ್ತದೆ. ನನ್ನ ಒಲವು 2016ರ 'ಸಿಂಡಿ' ವಿಧಾನದತ್ತ. ಹಲವು ಗಣಿತಪದಗಳನ್ನು ಮುಂದಿಟ್ಟರೆ ಅದು ಬೇಕಾದ ಕೆಲವನ್ನಷ್ಟೇ ಆರಿಸಿ ಸಮೀಕರಣವನ್ನೇ ಬರೆದುಕೊಡುತ್ತದೆ. ಕೋನವನ್ನು ರೇಡಿಯನ್‌ಗಳಲ್ಲಿ ಕೊಟ್ಟಾಗ ನಮ್ಮ ಲೋಲಕಕ್ಕೆ ಕೋನದ ಸೈನ್ ಪದದ ಮುಂದೆ ಋಣಚಿಹ್ನೆಯೊಡನೆ 9.8ರ ಆಸುಪಾಸಿನ ಅಂಕಿ ಬಂದರೆ, ಅದು ಗುರುತ್ವವನ್ನು ಹಿಡಿದಿದೆ ಎಂದರ್ಥ.

ಲೋಲಕಕ್ಕೆ ಇನ್ನೊಂದು ಲೋಲಕ ತಗುಲಿಸಿದಿರೋ, ಮೇಲಿನ ಪರೀಕ್ಷೆ ಬದಲಾಗಬೇಕು. ದೊಡ್ಡ ಓಲಾಟದಲ್ಲಿ ಜೋಡಿ ಲೋಲಕದ ಆರಂಭ ಕೂದಲೆಳೆಯಷ್ಟು ಬೇರೆಯಾದರೂ ಸ್ವಲ್ಪ ಹೊತ್ತಿಗೆ ದಾರಿ ಪೂರ್ತಿ ಬೇರೆಯಾಗುತ್ತದೆ. ಹವಾಮಾನದ ಸರಳ ಸಮೀಕರಣಗಳಲ್ಲಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿದ್ದು ಈ ಗುಣವನ್ನೇ. ಅಲ್ಲಿ ಮೊದಲ ಕೆಲವು ಸೆಕೆಂಡುಗಳನ್ನು ಮಾತ್ರ ಬಿಂದುವಿಗೆ ಬಿಂದು ಹೋಲಿಸಿ. ಉಳಿದದ್ದಕ್ಕೆ ಯಾವ ಕೋನದಲ್ಲಿ ಎಷ್ಟು ಹೊತ್ತು ಕಳೆಯುತ್ತದೆ, ಒಟ್ಟು ಶಕ್ತಿ ಎಲ್ಲಿ ನಿಂತಿದೆ ಎಂಬುದನ್ನು ನೋಡಿ.