ಡಿಜಿಟಲ್ ಮಾಧ್ಯಮ ಪದವಿ: ಕ್ರೆಡಿಟ್‌ಗಳನ್ನು ಯೋಜಿಸುವ ಬಗೆ

ಡಿಜಿಟಲ್ ಮಾಧ್ಯಮದ ಸ್ನಾತಕ ಪದವಿಗೆ ಸೇರಿದವರು ಮೊದಲು ತಾವು ಪ್ರವೇಶ ಪಡೆದ ವರ್ಷದ ನಿಯಮಾವಳಿಯನ್ನು ಓದಬೇಕು. ಪದವಿಗೆ ಬೇಕಾದ ಒಟ್ಟು ಕ್ರೆಡಿಟ್‌ಗಳು (ಪ್ರತಿ ವಿಷಯದ ಕಲಿಕೆಯ ಪ್ರಮಾಣವನ್ನು ಅಳೆಯುವ ಘಟಕಗಳು) ಅಮೆರಿಕದ ಪದ್ಧತಿಯಲ್ಲಿ ಸುಮಾರು 120, ಯುರೋಪಿನಲ್ಲಿ 180ರಿಂದ 240. ವಿನ್ಯಾಸ, ವಿಡಿಯೊ ಮತ್ತು ಧ್ವನಿ ಸಂಕಲನ, ವೆಬ್ ಪ್ರೋಗ್ರಾಮಿಂಗ್, ಮಾಧ್ಯಮ ಸಿದ್ಧಾಂತಗಳು ಬಹುಮಟ್ಟಿಗೆ ಕಡ್ಡಾಯ. ಹೆಚ್ಚಿನ ಎಚ್ಚರ ಬೇಕಿರುವುದು ಒಂದನ್ನು ಮುಗಿಸದೆ ಇನ್ನೊಂದಕ್ಕೆ ಅವಕಾಶವಿಲ್ಲದ ಪತ್ರಿಕೆಗಳ (ಕೋರ್ಸ್‌ಗಳ) ವಿಷಯದಲ್ಲಿ: ಮೊದಲ ವರ್ಷದ ಪ್ರೋಗ್ರಾಮಿಂಗ್ ಪತ್ರಿಕೆಯನ್ನು ಮುಂದೂಡಿದರೆ, ಅದನ್ನು ಆಧರಿಸಿದ ಸಂವಾದಾತ್ಮಕ ವಿನ್ಯಾಸವೂ, ಅದರ ನಂತರದ ಅಂತಿಮ ಯೋಜನೆಯೂ ಒಂದರ ಹಿಂದೊಂದು ಮುಂದಕ್ಕೆ ಹೋಗಿ, ಪದವಿಯೇ ತಡವಾಗಬಹುದು. ಐಚ್ಛಿಕ ವಿಷಯಗಳನ್ನು ಅಂತಿಮ ಯೋಜನೆಗೆ ನೆರವಾಗುವಂತೆ ಆರಿಸುವುದು ಜಾಣತನ. ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಬೇಕಿದ್ದರೆ ಕೆಲಸ ಆರಂಭಿಸುವ ಮೊದಲೇ ವಿಭಾಗದ ಲಿಖಿತ ಒಪ್ಪಿಗೆ ಪಡೆಯಿರಿ. ಪೋರ್ಟ್‌ಫೋಲಿಯೊಗೆ (ನಿಮ್ಮ ಕೆಲಸಗಳ ಮಾದರಿ ಸಂಗ್ರಹಕ್ಕೆ) ಸೇರಿಸುವ ಗುಂಪು ಕೆಲಸಗಳಲ್ಲಿ ನಿಮ್ಮ ಪಾಲು ಯಾವುದೆಂದು ಸ್ಪಷ್ಟವಾಗಿ ನಮೂದಿಸಿ.