ಮಳೆಗಾಲದಲ್ಲಿ ಹುಟ್ಟಿದ ಕೂಸಿನ ಬಟ್ಟೆ: ನಾನು ಒಗೆದು ಒಣಗಿಸಿದ ಬಗೆ

ಎಳೆ ಕೂಸಿನ ಬಟ್ಟೆಗೆ ಯಾವ ಸೋಪು ಒಳ್ಳೇದು ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕುಮಟಾ ಕಡೆ ಮಳೆಗಾಲದಲ್ಲಿ ಬಾಣಂತನ ಮಾಡಿದವರನ್ನು ಕೇಳಿ ನೋಡಿ, ಸೋಪಿನ ಮಾತೇ ಬರುವುದಿಲ್ಲ. ಚೆನ್ನಾಗಿ ಜಾಲಿಸಬೇಕು, ಪೂರ್ತಿ ಒಣಗಿಸಬೇಕು. ಕಷ್ಟ ಇರುವುದು ಅಲ್ಲೇ.

ನನ್ನ ಮಗಳು ಹುಟ್ಟಿದ್ದು ಆರಿದ್ರಾ ಮಳೆಯಲ್ಲಿ. ಬಾಣಂತನಕ್ಕೆ ಅತ್ತೆ, ಅಂದರೆ ಹೆಂಡತಿಯ ಅಮ್ಮ, ನಮ್ಮನೆಗೇ ಬಂದಿದ್ದರು. ಬಾಣಂತಿ ಅಡುಗೆ, ಎಣ್ಣೆ ನೀರು, ಕೂಸನ್ನು ಮೀಯಿಸುವುದು ಎಲ್ಲ ಅವರು ಮತ್ತು ನನ್ನ ಆಯಿ (ಅಮ್ಮ) ನೋಡಿಕೊಂಡರು. ಬಟ್ಟೆ ಕೆಲಸ ನನಗಿರಲಿ ಅಂದೆ. ಇಬ್ಬರು ಹಿರಿಯರು ಆ ಮಳೆಯಲ್ಲಿ ಸೊಂಟ ಬಗ್ಗಿಸಿಕೊಂಡು ಒಗೆಯುವ ಕಲ್ಲಿನ ಮುಂದೆ ನಿಲ್ಲುವುದು ನನಗೆ ಸರಿ ಕಾಣಲಿಲ್ಲ.

ಮೊದಲು ಬಟ್ಟೆಯ ವಿಷಯ. ಹಳೆ ಪಂಚೆ, ಹಳೆ ಹತ್ತಿ ಸೀರೆ, ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ವರ್ಷಗಟ್ಟಲೆ ಒಗೆದು ಗಂಜಿ, ಬಣ್ಣ ಎಲ್ಲ ಹೋಗಿರುತ್ತದೆ, ತೆಳ್ಳಗಿರುವುದರಿಂದ ಬೇಗ ಒಣಗುತ್ತದೆ. ನಾನು ಅಂಚು, ಸೆರಗಿನ ದಪ್ಪ ಭಾಗ ಎಲ್ಲ ಕತ್ತರಿಸಿ ತೆಗೆದೆ. ಹರಿದ ಕಡೆ ಎಳೆ ಬಿಟ್ಟುಕೊಳ್ಳುತ್ತದೆ, ಅದನ್ನು ಮಾತ್ರ ನೋಡಿಕೊಳ್ಳಬೇಕು. ಒಂದೇ ಒಂದು ನೂಲು ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡದೆ ಬೆರಳು ಊದಿಬಿಡುತ್ತದೆ. ಕಾಲುಚೀಲ, ಕೈಗವಸುಗಳನ್ನೂ ಒಳಹೊರಗು ಮಾಡಿ ನೋಡಿಯೇ ಹಾಕಬೇಕು. ಅಂಗಡಿಯಿಂದ ತಂದ ಹೊಸ ಅಂಗಿಯನ್ನು ಒಗೆಯದೆ ತೊಡಿಸಬೇಡಿ. ಅದರಲ್ಲಿ ಗಂಜಿ, ಗಡುಸು ಬರಿಸುವ ರಾಸಾಯನಿಕ ಇರುತ್ತದೆ.

ಆಯಿಯ ಪೆಟ್ಟಿಗೆಯಲ್ಲಿದ್ದ ಕೆಲವು ಸೀರೆಗಳಿಗೆ ಡಾಂಬರು ಗುಳಿಗೆ ವಾಸನೆ ಹೊಡೆಯುತ್ತಿತ್ತು. ಅವನ್ನು ನಾನು ಮುಟ್ಟಲೇ ಇಲ್ಲ. ಆಯಿಗೆ ಸ್ವಲ್ಪ ಬೇಜಾರಾಯಿತು, ಆದರೂ ಈ ವಿಷಯದಲ್ಲಿ ನಾನು ಬಗ್ಗುವವನಲ್ಲ. ನ್ಯಾಫ್ತಲೀನ್ ಇರುವ ಆ ಗುಳಿಗೆ ಕೆಲವು ಮಕ್ಕಳಿಗೆ ವಿಷ. ಜಿ-ಸಿಕ್ಸ್-ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಿರುತ್ತಾರೆ. ಈ ವಾಸನೆ ಹಿಡಿದ ಬಟ್ಟೆಯಲ್ಲಿ ಸುತ್ತಿದರೆ ಅಂಥ ಕೂಸಿನ ರಕ್ತಕಣಗಳು ಒಡೆದು ಕಾಮಾಲೆ ಜೋರಾಗಿ ಏರಬಹುದು. ನಮ್ಮ ಕೂಸಿಗೆ ಆ ಕೊರತೆ ಇದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲವಲ್ಲ.

ಇನ್ನು ಒಗೆಯುವುದು. ಹುಟ್ಟಿದ ಮೊದಲ ದಿನಗಳಲ್ಲಿ ಕೂಸು ಕಪ್ಪಗೆ, ಟಾರಿನ ಹಾಗೆ ಹೇಲುತ್ತದೆ. ಅದು ಬಟ್ಟೆಯಿಂದ ಸುಲಭಕ್ಕೆ ಬಿಡುವುದಿಲ್ಲ. ಆಗ ತೀರಾ ಹಳೆಯ ತುಂಡು ಹಾಕಿ, ಬಿಸಾಡಿ. ಕೂಸಿನ ಕುಂಡೆಗೆ ಮೊದಲೇ ಒಂಚೂರು ಕೊಬ್ಬರಿ ಎಣ್ಣೆ ಸವರಿದರೆ ಚರ್ಮಕ್ಕೂ ಅಂಟುವುದಿಲ್ಲ. ಆಮೇಲೆ ಹಳದಿಗೆ ತಿರುಗುತ್ತದೆ. ಈ ಹಳದಿ ಬಟ್ಟೆಯನ್ನು ತಕ್ಷಣ ತಣ್ಣೀರಿನಲ್ಲಿ ಉಜ್ಜಿ ತೊಳೆಯಬೇಕು. ಸೀದಾ ಹಂಡೆಯ ಬಿಸಿನೀರು ಹಾಕಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಹಾಲು ಕಕ್ಕಿದ ಬಟ್ಟೆಗೂ ಹಾಗೇ. ಬಿಸಿನೀರು, ಸೋಪು ಎಲ್ಲ ಆಮೇಲೆ.

ಬರೀ ಉಚ್ಚೆ ಅಲ್ವಾ ಅಂತ ಸುಮ್ನೆ ಒಣಗಿಸಿ ಮತ್ತೆ ಹಾಕುವವರಿದ್ದಾರೆ, ಅದರಲ್ಲೂ ಮಳೆಗಾಲದಲ್ಲಿ ಬಟ್ಟೆ ಸಾಲದೆ ಬಂದಾಗ. ಬೇಡ. ಉಚ್ಚೆ ನಿಂತರೆ ಅಮೋನಿಯಾ ಆಗುತ್ತದೆ, ಕೂಸಿನ ತೊಡೆಸಂದಿ ಕೆಂಪಾಗುತ್ತದೆ. ಸೋಪು ಹಾಕದಿದ್ದರೂ ಪರವಾಗಿಲ್ಲ, ನೀರಿನಲ್ಲಿ ಜಾಲಿಸಿಯೇ ಹಾಕಿ.

ನಮ್ಮ ಬಾವಿ ಅಳಿವೆಗೆ ಹತ್ತಿರ. ನೀರಿನಲ್ಲಿ ಉಪ್ಪು, ಸೋಪು ನೊರೆಯೇ ಬರುವುದಿಲ್ಲ. ಅದಕ್ಕೆ ಮಾಡಿನ ನೀರು ಹಿಡಿದು ಒಗೆದೆ. ಹಂಚು ತೊಳೆದುಹೋಗುವಷ್ಟು ಮಳೆ ಬಂದ ಮೇಲೆ ಸೂರಿನ ಕೆಳಗೆ ಡ್ರಮ್ ಇಟ್ಟರೆ ಆಯಿತು. ಮಳೆನೀರು ಮೆದು. ಚಿಟಿಕೆ ಸೋಪಿಗೇ ಕೈತುಂಬ ನೊರೆ ಬರುತ್ತದೆ. ಹಾಗಾಗಿ ಸೋಪು ಕಡಿಮೆ ಹಾಕಬೇಕು, ಜಾಲಿಸುವುದು ಜಾಸ್ತಿ ಮಾಡಬೇಕು. ಹಿಂಡಿದ ನೀರು ಕೈಗೆ ಜಾರುತ್ತಿದೆಯಾ ನೋಡಿ, ಜಾರಿದರೆ ಇನ್ನೊಂದು ನೀರು. ಕೆಲವರ ಮನೆ ಬಾವಿಯಲ್ಲಿ ಕಬ್ಬಿಣದ ಅಂಶದ ಕೆಂಪು ನೀರು ಬರುತ್ತದೆ. ಅಂಥ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಬಿಳಿ ಬಟ್ಟೆಗೆ ತುಕ್ಕಿನ ಕಲೆ ಹಿಡಿಯುತ್ತದೆ. ಪರಿಮಳದ ಕಂಡೀಷನರ್, ಆಂಟಿಸೆಪ್ಟಿಕ್ ದ್ರವ ಯಾವುದೂ ಬೇಕಿಲ್ಲ. ಕಂಡೀಷನರ್ ಹಾಕಿದ ಬಟ್ಟೆ ನೀರನ್ನೇ ಸರಿಯಾಗಿ ಹೀರುವುದಿಲ್ಲ, ಉಚ್ಚೆ ಬಟ್ಟೆ ಹೀರದಿದ್ದರೆ ಅದಿದ್ದು ಏನು ಪ್ರಯೋಜನ?

ಒಣಗಿಸುವ ಕಥೆಯೇ ದೊಡ್ಡದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಹೆಚ್ಚುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಗಲಿಯ ಹಗ್ಗದಲ್ಲಿ ಹಾಕಿದ ಬಟ್ಟೆ ಬೆಳಿಗ್ಗೆಯಿಂದ ರಾತ್ರಿವರೆಗೆ ಹಸಿಹಸಿಯೇ ಇರುತ್ತದೆ. ಹಾಗೇ ಮಡಚಿಟ್ಟರೆ ಕಮಟು ವಾಸನೆ, ಕಪ್ಪು ಚುಕ್ಕೆ. ನಾನು ಮೂರು ಹಂತ ಮಾಡಿಕೊಂಡೆ. ಮೊದಲು ಬಟ್ಟೆಯನ್ನು ಒಣ ಟವೆಲಿನಲ್ಲಿ ಸುತ್ತಿ ಗಟ್ಟಿಯಾಗಿ ತಿರುಚುವುದು, ಅರ್ಧ ನೀರು ಅಲ್ಲೇ ಹೋಗುತ್ತದೆ. ಆಮೇಲೆ ಸೀಳಿದ ಅಡಿಕೆ ಮರದ ದಬ್ಬೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರವಿ ಫ್ಯಾನು ಹಾಕುವುದು. ಕೊನೆಗೆ ಬಚ್ಚಲ ಒಲೆ. ಬೆಳಗಿನ ಸ್ನಾನ ಎಲ್ಲ ಮುಗಿದು, ಜ್ವಾಲೆ ಇಳಿದು, ಬರೀ ಗರಟೆಯ ಕೆಂಡ ಉಳಿದಾಗ ಒಲೆಯ ಮೇಲಿನ ಗಳುವಿಗೆ ಬಟ್ಟೆ ಹಾಕಬೇಕು. ಉರಿ ಇರುವಾಗ ಹಾಕಿದರೆ ಹೊಗೆ, ಮಸಿ ಎಲ್ಲ ಬಟ್ಟೆಗೇ. ಅತ್ತೆಯ ಊರಲ್ಲಿ ಅಗ್ಗಿಷ್ಟಿಕೆಯ ಮೇಲೆ ಬಿದಿರು ಬುಟ್ಟಿ ಕವುಚಿ ಬಟ್ಟೆ ಹರವುತ್ತಾರಂತೆ, ಜೊತೆಗೆ ಲೋಬಾನ. ಬಟ್ಟೆ ಬೇಗ ಒಣಗುವುದು ನಿಜ. ಆದರೆ ಬಾಗಿಲು ಹಾಕಿದ ಬಾಣಂತಿ ಕೋಣೆಯೊಳಗೆ ಕೆಂಡ ಇಡುವುದು ಅಪಾಯ, ಕೆಂಡದಿಂದ ವಾಸನೆಯೇ ಇಲ್ಲದ ವಿಷಗಾಳಿ ಬರುತ್ತದೆ. ಎಳೆಯ ಶ್ವಾಸಕ್ಕೆ ಲೋಬಾನದ ಹೊಗೆಯೂ ಬೇಡ ಅಂದೆ. ಅತ್ತೆ ಒಪ್ಪಿದರು.

ತೊಡಿಸುವ ಮೊದಲು ಎಲ್ಲದಕ್ಕೂ ಇಸ್ತ್ರಿ. ಒಣಗಿದ ಹಾಗೆ ಕಂಡ ಬಟ್ಟೆಯಿಂದಲೂ ಇಸ್ತ್ರಿ ತಾಗಿದ ಕೂಡಲೇ ಹಬೆ ಏಳುತ್ತದೆ. ಹಬೆ ನಿಲ್ಲುವವರೆಗೆ ತಿರುವಿ ಹಾಕಿ ಉಜ್ಜಬೇಕು.

ಮಳೆ ನಿಂತು ಹೊಳವಾದರೆ ಮಾತ್ರ ಏನೇ ಕೆಲಸ ಇರಲಿ ಬಿಟ್ಟು ಓಡುತ್ತಿದ್ದೆ. "ತಮಾ, ಹೊಳವಾತು ನೋಡು" ಅಂತ ಆಯಿ ಒಳಗಿಂದಲೇ ಕೂಗುತ್ತಿದ್ದಳು. ಹಳದಿ ಕಲೆ ಉಳಿದ ಬಟ್ಟೆಯನ್ನು ಹಸಿ ಇರುವಾಗಲೇ ಬಿಸಿಲಿಗೆ ಹಾಕಿದರೆ ಕಲೆ ತಾನಾಗಿ ಮಸುಕಾಗುತ್ತದೆ. ಆ ಹಳದಿಯಲ್ಲಿ ಬಿಲಿರುಬಿನ್ ಇರುತ್ತದೆ, ಕಾಮಾಲೆಯಲ್ಲಿ ಮೈ ಹಳದಿ ಮಾಡುವುದೂ ಅದೇ; ಬೆಳಕಿಗೆ ಅದು ಬದಲಾಗುತ್ತದೆ. ಕಾಮಾಲೆಯ ಕೂಸನ್ನು ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸುವುದೂ ಇದೇ ಕಾರಣಕ್ಕೆ.

ಹಾಸಿಗೆ ವಿಷಯದಲ್ಲಿ ಒಂದೇ ಮಾತು. ದಪ್ಪ ಹತ್ತಿಯ ಹಾಸಿಗೆ ಮಳೆಗಾಲದಲ್ಲಿ ಒದ್ದೆಯಾದರೆ ಒಣಗುವ ಆಸೆಯೇ ಬಿಡಿ. ಗಟ್ಟಿ, ಸಮತಟ್ಟಾದ ಚಾಪೆ, ಮೇಲೆ ರಬ್ಬರ್ ಶೀಟು, ಅದರ ಮೇಲೆ ಮಡಚಿದ ಹಳೆ ಸೀರೆ ಬಿಗಿಯಾಗಿ ಸಿಕ್ಕಿಸಿದರೆ ಸಾಕು. ಮೆತ್ತನೆಯ ಹಾಸಿಗೆ, ದಿಂಬಿನಲ್ಲಿ ಎಳೆ ಕೂಸಿನ ಮೂಗು ಹುದುಗುವ ಅಪಾಯವೂ ಇದೆ. ಸೀರೆಯನ್ನು ದಿನಾ ಒಗೆಯಿರಿ. ರಬ್ಬರ್ ಶೀಟನ್ನು ಸೋಪು ನೀರಿನಲ್ಲಿ ಒರೆಸಿ ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತದೆ.