ಕೊಡಗು ಎಂದು ಬರೆದರೂ ತಪ್ಪು

2021ರ ಜನವರಿಯಲ್ಲಿ ನಮ್ಮ ಪಾಠಗಳು ಒಮ್ಮೆಲೇ ಕಾಣದಾದವು. ಹಿಂದಿನ ತಿಂಗಳ 31ಕ್ಕೆ ಅಡೋಬಿ ಕಂಪನಿ ವೆಬ್ ಪುಟದಲ್ಲಿ ಚಲಿಸುವ ಚಿತ್ರ ಓಡಿಸುವ ತನ್ನ ತಂತ್ರಾಂಶ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತ್ತು. ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ಏನನ್ನೂ ಓಡಿಸದಾಯಿತು. ಕೆಲವು ಕನ್ನಡ ಮಾಧ್ಯಮ ಶಾಲೆಗಳಿಗಾಗಿ ನಾನು ನೋಡಿಕೊಳ್ಳುತ್ತಿದ್ದ ಕಲಿಕೆಯ ತಾಣ ಸುಮಾರು ಹತ್ತು ವರ್ಷ ಹಳೆಯದು. ಜಲಚಕ್ರ, ಹೃದಯದ ಬಡಿತ, ಭಿನ್ನರಾಶಿ ಎಲ್ಲವೂ ಅದರಲ್ಲಿ ಫ್ಲ್ಯಾಶ್‌ನಲ್ಲೇ ಇದ್ದವು. ಫೋನಿನಲ್ಲಿ ಅವು ಮೊದಲೇ ಕಾಣುತ್ತಿರಲಿಲ್ಲ. ಈಗ ಲ್ಯಾಬಿನ ಕಂಪ್ಯೂಟರಿನಲ್ಲೂ ಖಾಲಿ ಪೆಟ್ಟಿಗೆ.

ಆಡಳಿತದವರು ಕೇಳಿದ್ದು ಇಷ್ಟೇ: "ಹೊಸದಾಗಿ ಕಾಣೋ ಹಾಗೆ ಮಾಡಿಕೊಡಿ." ನಾನೂ ಅದನ್ನೇ ಮಾಡಲು ಹೊರಟೆ. ಬಣ್ಣ, ಐಕಾನು, ಮೊದಲ ಪುಟದ ಚಿತ್ರ ಅಂತ ಒಂದು ತಿಂಗಳು ಕಳೆದೆ. ಈಗ ಯೋಚಿಸಿದರೆ ಆ ತಿಂಗಳು ಶಾಲೆಯಲ್ಲಿ ಕೂತು ಮಕ್ಕಳನ್ನು ನೋಡಬೇಕಿತ್ತು ಅನಿಸುತ್ತದೆ.

ಫ್ಲ್ಯಾಶ್ ಪಾಠಗಳ ಮೂಲ ಫೈಲುಗಳು ಯಾರ ಬಳಿಯೂ ಇರಲಿಲ್ಲ. ರಫಲ್ ಎಂಬ ಮುಕ್ತ ತಂತ್ರಾಂಶದಿಂದ ತೀರಾ ಹಳೆಯ ಕೆಲವು ಪಾಠ ಓಡಿದವು, ಉಳಿದವು ಓಡಲಿಲ್ಲ. ಎಲ್ಲವನ್ನೂ ಮತ್ತೆ ಮಾಡುವುದು ಆಗದ ಮಾತು. ಯಾವುದು ಬೇಕೇ ಬೇಕು ಎಂದು ಶಿಕ್ಷಕರನ್ನೇ ಕೇಳಿದೆವು. ಅವರು ಹೇಳಿದ್ದನ್ನು ಮಾತ್ರ, ಬ್ರೌಸರಿನಲ್ಲೇ ಓಡುವ ಪಾಠ ಕಟ್ಟಲು ಬರುವ ಮುಕ್ತ ಸಾಧನವಾದ ಎಚ್‌5ಪಿ ಬಳಸಿ ಮತ್ತೆ ಕಟ್ಟಿದೆವು. ಉಳಿದದ್ದನ್ನು ಕೈಬಿಟ್ಟೆವು. ಅವುಗಳನ್ನು ಯಾರೂ ಕೇಳಿಕೊಂಡು ಬರಲಿಲ್ಲ.

ನಿಜವಾದ ಕಷ್ಟ ಇದ್ದದ್ದು ಅಕ್ಷರಗಳಲ್ಲಿ. ಹಳೆಯ ಪಾಠ, ಪ್ರಶ್ನೆ, ಉತ್ತರ ಎಲ್ಲವನ್ನೂ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ಇಲ್ಲದ ಫೋನಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹಾಗಾಗಿ ಎಲ್ಲವನ್ನೂ, ಎಲ್ಲ ಸಾಧನಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತರಬೇಕಿತ್ತು. ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಮೊದಲ ಸಲ ಓಡಿಸಿದಾಗ ಸೂರ್ಯ ಹೋಗಿ 'ಸೂಯರ್' ಆಯಿತು. ವರ್ಷ 'ವಷರ್' ಆಯಿತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ರ್ ಮೊದಲು ಬರಬೇಕು. ಕಣ್ಣಿಗೆ ಕಂಡ ತಪ್ಪಾದ್ದರಿಂದ ಅದನ್ನು ಬೇಗ ಸರಿಮಾಡಿದೆ. ಕಾಣದ ತಪ್ಪು ಅಲ್ಲೇ ಉಳಿದುಕೊಂಡಿತು.

ಆ ವರ್ಷದ ಕೊನೆಗೆ ಹೊಸ ತಾಣವನ್ನು ಪ್ರಯೋಗಕ್ಕೆಂದು ಒಂದು ಶಾಲೆಗೆ ತೆಗೆದುಕೊಂಡು ಹೋದೆ. ಏಳನೇ ತರಗತಿ. ಒಬ್ಬ ಹುಡುಗಿಯ ಪಕ್ಕ ಕೂತಿದ್ದೆ. ಕಾವೇರಿ ಹುಟ್ಟುವ ಜಿಲ್ಲೆ ಯಾವುದು ಎಂದು ಪ್ರಶ್ನೆ. ಅವಳು ತಡಮಾಡದೆ 'ಕೊಡಗು' ಎಂದು ಬರೆದಳು. ಕೆಂಪು ಗುರುತು ಬಂತು. ಅಳಿಸಿ ಮತ್ತೆ ಅದನ್ನೇ ಬರೆದಳು. ಮತ್ತೆ ಕೆಂಪು. ಆಮೇಲೆ ಪಕ್ಕದವಳ ಕಡೆ ತಿರುಗಿ, "ಮೈಸೂರಾ?" ಎಂದು ಮೆಲ್ಲಗೆ ಕೇಳಿದಳು.

ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಮಗುವಿಗೆ ಉತ್ತರ ಗೊತ್ತಿತ್ತು. ನಮ್ಮ ಯಂತ್ರ ಅವಳಿಗೆ ಗೊತ್ತಿದ್ದದ್ದನ್ನೇ ಅನುಮಾನಿಸುವಂತೆ ಮಾಡಿತು. ತಪ್ಪು ಅವಳದಲ್ಲ ಎಂದು ಆಗಲೇ ಹೇಳಿದೆ, ಮೇಡಂ ಕೂಡ ಹೇಳಿದರು. ಆದರೆ ಪ್ರತಿ ಮಗುವಿನ ಪಕ್ಕದಲ್ಲೂ ನಾವು ಕೂತಿರುವುದಿಲ್ಲ, ಅಲ್ವಾ?

ರಾತ್ರಿ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ಯೂನಿಕೋಡ್‌ನಲ್ಲಿ 'ಕೊ' ಎಂಬುದನ್ನು ಎರಡು ರೀತಿ ಇಡಬಹುದು. ಕ ಜೊತೆಗೆ ಒತ್ವದ ಒಂದೇ ಚಿಹ್ನೆ, ಇಲ್ಲವೇ ಕ ಜೊತೆಗೆ ಎತ್ವ ಮತ್ತು ಊತ್ವದ ಎರಡು ಚಿಹ್ನೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಫೋನಿನ ಕೀಬೋರ್ಡ್ ಮೊದಲನೆಯ ರೀತಿ ಕೊಡುತ್ತಿತ್ತು. ನನ್ನ ಪ್ರೋಗ್ರಾಂ ಉತ್ತರಗಳನ್ನೆಲ್ಲ ಎರಡನೆಯ ರೀತಿ ಇಟ್ಟಿತ್ತು. ಹಾಗಾಗಿ ಕೊಡಗು, ಕೋಲಾರ, ಗೋಕಾಕ್ ಏನು ಬರೆದರೂ ತಪ್ಪೇ.

ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ವಿಧಾನ ಯೂನಿಕೋಡ್‌ನಲ್ಲೇ ಇದೆ. ಅದನ್ನು ಸೇರಿಸಲು ಒಂದು ಸಾಲು ಸಾಕಾಯಿತು. ಇಂಥವು ಇನ್ನೇನಿವೆ ಎಂದು ಹುಡುಕುತ್ತಾ ಹೋದೆ. ೨೫ ಎಂದು ಬರೆದ ಮಗುವಿಗೂ 25 ಎಂದು ಬರೆದ ಮಗುವಿಗೂ ಒಂದೇ ಅಂಕ ಸಿಗಬೇಕು. 'ಸಾಫ್ಟ್‌ವೇರ್' ಪದದ ನಡುವೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದು ಇದ್ದರೂ ಬಿಟ್ಟುಹೋದರೂ ಒಂದೇ ಪದವೆಂದು ತಿಳಿಯಬೇಕು. ಪದದ ಕೊನೆಗೆ ಕೀಬೋರ್ಡ್ ತಾನೇ ಸೇರಿಸುವ ಖಾಲಿ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಇದನ್ನು ತೋರಿಸಿದಾಗ ಕನ್ನಡ ಮೇಡಂ ಮಾತ್ರ ತಡೆದರು. "ಸರ್, ನನ್ನ ಪಾಠದಲ್ಲಿ ಕಾಗುಣಿತ ಸಡಿಲ ಮಾಡಬೇಡಿ. ಮಹಾಪ್ರಾಣ ಬಿಟ್ಟರೆ ತಪ್ಪು ಅಂತಾನೇ ತೋರಿಸಬೇಕು." ಅವರು ಹೇಳಿದ್ದು ಸರಿ. ಕಂಪ್ಯೂಟರಿನ ಒಳಗಿನ ವ್ಯತ್ಯಾಸಕ್ಕೆ ಮಗು ಹೊಣೆಯಲ್ಲ, ಕಾಗುಣಿತಕ್ಕೆ ಹೊಣೆ. ಹಾಗಾಗಿ ಕಾಗುಣಿತ ಎಷ್ಟು ಬಿಗಿ ಇರಬೇಕು ಎಂಬುದನ್ನು ಪ್ರತಿ ಪ್ರಶ್ನೆಗೂ ಶಿಕ್ಷಕರೇ ತೀರ್ಮಾನಿಸುವಂತೆ ಮಾಡಿದೆವು.

ಲಾಗಿನ್ ಬಗ್ಗೆಯೂ ಹೇಳಬೇಕು. ಪಾಸ್‌ವರ್ಡ್ ಮರೆಯುತ್ತಾರೆ ಎಂದು ನಾನು ಓಟಿಪಿ ಇಟ್ಟಿದ್ದೆ. ಆದರೆ ಶಾಲೆಯಲ್ಲಿ ಬರೆದುಕೊಂಡಿದ್ದ ನಂಬರಿನ ಸಿಮ್ ಅಪ್ಪನ ಜೇಬಿನಲ್ಲಿ, ಅಪ್ಪ ಕೆಲಸದಲ್ಲಿ. ಮಗುವಿನ ಕೈಲಿದ್ದದ್ದು ಅಕ್ಕನದೋ ಚಿಕ್ಕಪ್ಪನದೋ ಫೋನು. ಓಟಿಪಿ ತೆಗೆದು, ಹಾಜರಿ ನಂಬರ್ ಮತ್ತು ನಾಲ್ಕಂಕಿಯ ಪಿನ್ ಕೊಟ್ಟೆವು. ಪಿನ್ ಮರೆತರೆ ಕ್ಲಾಸ್ ಟೀಚರೇ ಬದಲಿಸಿಕೊಡಬಹುದು. ಒಂದೇ ಫೋನಿನಲ್ಲಿ ಅಣ್ಣ ತಂಗಿ ಇಬ್ಬರೂ ತಮ್ಮ ತಮ್ಮ ಹೆಸರು ಮುಟ್ಟಿ ಒಳಗೆ ಹೋಗಬಹುದು.

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಪ್ರೀತಿ ಇರುವುದು ಒಂದು ಸಾದಾ ಪಟ್ಟಿಯ ಮೇಲೆ. ಅದಕ್ಕೆ ಬಣ್ಣವೂ ಇಲ್ಲ, ಚಿತ್ರವೂ ಇಲ್ಲ. ತಪ್ಪೆಂದು ಗುರುತಾದ ಉತ್ತರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಅದು ಪ್ರತಿ ಶನಿವಾರ ಶಿಕ್ಷಕರ ಮುಂದಿಡುತ್ತದೆ. ಪಕ್ಕದಲ್ಲಿ ಒಂದೇ ಗುಂಡಿ: 'ಇದೂ ಸರಿ'. ಒತ್ತಿದರೆ ಹಾಗೆ ಬರೆದ ಎಲ್ಲ ಮಕ್ಕಳ ಅಂಕವೂ ಬದಲಾಗುತ್ತದೆ, ಅವರಿಗೆ ತಿಳಿಸಲಾಗುತ್ತದೆ.

ಮೊದಲ ವಾರವೇ ಒಂದು ಚಿತ್ರದ ಪ್ರಶ್ನೆ ಪಟ್ಟಿಯಲ್ಲಿ ಮೇಲೆ ಬಂತು. ನಾವು ಇಟ್ಟಿದ್ದ ಉತ್ತರ 'ಕಡಲೆಕಾಯಿ'. ಧಾರವಾಡದ ಕಡೆಯ ಶಾಲೆಯೊಂದರಲ್ಲಿ ಹೆಚ್ಚುಕಡಿಮೆ ಇಡೀ ತರಗತಿಯೇ 'ಶೇಂಗಾ' ಎಂದು ಬರೆದಿತ್ತು. ಅಲ್ಲಿನ ಸರ್ ಗುಂಡಿ ಒತ್ತಿದರು. ಹಾಗೇ ಪಟ್ಟಿಯಲ್ಲಿ ಕೆಳಗೆ ಹೋಗಿ, ಇಬ್ಬರು ಮಕ್ಕಳು ಬರೆದಿದ್ದ 'ಸೇಂಗಾ'ದ ಪಕ್ಕದಲ್ಲೂ ಒತ್ತಿದರು.